ಹೆಸರು ಬದಲಿಸಿದ ತಾಯಿ

ಮಮತಾ ಪಾಠ ಹೇಳುತ್ತಿದ್ದದ್ದು ಪಾಠ ಕಲಿತು ಮುಗಿಸಿದವರಿಗೆ. ಓದು ಮುಗಿಸಿ, ಕೆಲಸಕ್ಕೆ ಸೇರಿ, ದಿನವೂ ಬೇರೆಯವರ ದುಃಖ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದ ಆಪ್ತಸಮಾಲೋಚಕರು, ನರ್ಸುಗಳು, ಮನೋರೋಗಿಗಳ ಮನೆ ಮನೆಗೆ ಹೋಗುವ ಕಾರ್ಯಕರ್ತರು ವರ್ಷಕ್ಕೊಮ್ಮೆ ಪುನಶ್ಚೇತನ ತರಬೇತಿಗೆಂದು ಚಿತ್ರದುರ್ಗಕ್ಕೆ ಬರುತ್ತಿದ್ದರು. ಹೊಳಲ್ಕೆರೆ ರಸ್ತೆಯ ಒಂದು ಖಾಸಗಿ ತರಬೇತಿ ಕೇಂದ್ರದ ಮಹಡಿಯಲ್ಲಿ ಅವರ ಕ್ಲಾಸು. ಹಿರಿಯೂರು, ಹೊಸದುರ್ಗ, ಚಳ್ಳಕೆರೆ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವರು. ಹೆಚ್ಚಿನವರು ಬರುತ್ತಿದ್ದದ್ದು ಸರ್ಟಿಫಿಕೇಟಿಗಾಗಿ. ಆದರೆ ಮಮತಾ ಮೇಡಂ ಮಾತು ಶುರು ಮಾಡಿದ ಮೇಲೆ ಮೊಬೈಲುಗಳು ತಾವಾಗಿಯೇ ಚೀಲ ಸೇರುತ್ತಿದ್ದವು.

ಅವಳ ಪಾಠದಲ್ಲಿ ದೊಡ್ಡ ಮಾತುಗಳಿರಲಿಲ್ಲ. "ನಿಮ್ಮ ಮುಂದೆ ಅತ್ತವರ ಮಾತು ನಿಮ್ಮದಲ್ಲ ಕಣ್ರಿ. ಗಂಡನಿಗೆ ಹೇಳಂಗಿಲ್ಲ, ಹೆಂಡ್ತಿಗೆ ಹೇಳಂಗಿಲ್ಲ. ದೇವರ ಮುಂದೆ ನಿಂತ್ರೂ ಗಟ್ಟಿಯಾಗಿ ಹೇಳಂಗಿಲ್ಲ" ಎಂದಾಗ ಹಿಂದಿನ ಸಾಲಿನವರೂ ನಗುತ್ತಿದ್ದರು, ನಕ್ಕು ನೆನಪಿಟ್ಟುಕೊಳ್ಳುತ್ತಿದ್ದರು.

ಆ ಮಾತು ಅವಳದ್ದಾಗಿರಲಿಲ್ಲ. ಅದನ್ನು ಅವಳಿಗೆ ಕಲಿಸಿದವರು ರಘುನಾಥ್. ಜಿಲ್ಲೆಯಲ್ಲಿ ಈ ಕೆಲಸಕ್ಕೆ ಹೆಸರೇ ಇಲ್ಲದಿದ್ದ ಕಾಲದಿಂದ ಸಮಾಲೋಚಕರಾಗಿದ್ದವರು. ಈಗ ಅದೇ ಕೇಂದ್ರದಲ್ಲಿ ಅವಳ ಜೊತೆಯ ಬೋಧಕರು. ಬೆಳಗಿನ ಅವಧಿ ಅವರದು, ಮಧ್ಯಾಹ್ನದ್ದು ಇವಳದು. ಹೊರಗಿನವರಿಗೆ ಇವರಿಬ್ಬರೂ ಗುರುಶಿಷ್ಯರು ಎಂದಷ್ಟೇ ಗೊತ್ತಿತ್ತು. ಅದಕ್ಕೂ ಮೊದಲು ಇವಳು ಅವರ ರೋಗಿಯಾಗಿದ್ದಳು ಎಂಬುದು ಗೊತ್ತಿರಲಿಲ್ಲ.

ಮಮತಾ ಹೊಸದುರ್ಗ ತಾಲ್ಲೂಕಿನ ಕುರಿ ಸಾಕುವವರ ಮನೆಯ ಮಗಳು. ಅಪ್ಪ ಚಿಕ್ಕತಿಮ್ಮಪ್ಪ ಎಂಟು ತಿಂಗಳು ಮಂದೆಯ ಹಿಂದೆ ಅಲೆದರೂ ಮಗಳನ್ನು ದುರ್ಗದ ಹಾಸ್ಟೆಲಿನಲ್ಲಿಟ್ಟು ಬಿ.ಎಸ್ಸಿ. ಓದಿಸಿದ. ಹಿರಿಯೂರಿನ ಹೈಸ್ಕೂಲು ಮೇಷ್ಟ್ರು ಪ್ರಭುವಿಗೆ ಕೊಟ್ಟು ಮದುವೆ ಮಾಡಿದ. ಹುಟ್ಟಿದ್ದು ಒಂದೇ ಹೆಣ್ಣು ಮಗು, ಮೋನಿಕಾ. ಹೆರಿಗೆಯಾದ ಮೇಲೆ ಮಮತಾಗೆ ನಿದ್ದೆ ಹೋಯಿತು, ಹಸಿವು ಹೋಯಿತು, ಮಾತು ಹೋಯಿತು. ಅವ್ವ ಏಕನಾಥಮ್ಮ ಬಾಣಂತಿ ಸನ್ನಿ ಎಂದಳು. ಅತ್ತೆ ಗಾಳಿ ಸೋಕಿದೆ ಎಂದರು. ಕೊನೆಗೆ ಪ್ರಭುವೇ ದುರ್ಗಕ್ಕೆ ಕರೆತಂದು ಮನೋರೋಗದ ವೈದ್ಯರಿಗೆ ತೋರಿಸಿದ. ಆ ಕ್ಲಿನಿಕ್ಕಿನಲ್ಲಿ ಮಾತ್ರೆ ಕೊಡುವವರು ವೈದ್ಯರು, ಕೂತು ಮಾತು ಕೇಳುವವರು ರಘುನಾಥ್.

ಹಲವು ವಾರ ಅವಳು ಅವರ ಮುಂದೆ ಸೆರಗಿನ ಅಂಚು ಸುತ್ತುತ್ತ ಸುಮ್ಮನೆ ಕೂತಿದ್ದಳು. ಅವರೂ ಸುಮ್ಮನೆ ಕೂತಿರುತ್ತಿದ್ದರು. ಒಂದು ದಿನ ಅವಳು ಎಲ್ಲ ಹೇಳಿದಳು. ಹೆತ್ತವ್ವನಿಗೂ ಹೇಳದ್ದನ್ನು ಹೇಳಿದಳು. ಅವರು ಹೌಹಾರಲಿಲ್ಲ, ಬೈಯಲಿಲ್ಲ. "ಈ ಮಾತು ಈ ಕೋಣೆಯ ಹೊಸಿಲು ದಾಟಲ್ಲ, ತಂಗಿ" ಎಂದರು. ಆ ಒಂದು ಮಾತಿನ ಮೇಲೆ ಅವಳು ಮತ್ತೆ ನಿಂತಳು. ಅವರೇ ಒತ್ತಾಯ ಮಾಡಿ ಸಮಾಜಕಾರ್ಯದಲ್ಲಿ ಎಂ.ಎ. ಓದಿಸಿದರು, ಕೆಲಸಕ್ಕೆ ಹಚ್ಚಿದರು, ಆಮೇಲೆ ಬೋಧಕಿಯಾಗಿ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಸಂಸಾರವೂ ಹಿರಿಯೂರಿನಿಂದ ದುರ್ಗಕ್ಕೆ ಬಂತು. ತನ್ನ ಎರಡನೇ ಹುಟ್ಟಿಗೆ ಅವರೇ ತಂದೆ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಿದ್ದಳು.

ಮಗಳೂ ಅದೇ ದಾರಿ ಹಿಡಿದಾಗ ಮಮತಾಗೆ ಹೆಮ್ಮೆಯಾಯಿತು, ಒಳಗೊಳಗೆ ಅಳುಕೂ ಆಯಿತು. ಮೋನಿಕಾ ಓದು ಮುಗಿಸಿ ಹೊಳಲ್ಕೆರೆಯಲ್ಲಿ ಹರೆಯದ ಮಕ್ಕಳ ಆಪ್ತಸಮಾಲೋಚಕಿಯಾಗಿ ಸೇರಿದ್ದಳು. ಮರುವರ್ಷವೇ ಅವಳನ್ನು ಕಚೇರಿಯವರು ಪುನಶ್ಚೇತನ ತರಬೇತಿಗೆ ಕಳಿಸಿದರು. ಅಮ್ಮ ಮೇಡಂ, ಮಗಳು ವಿದ್ಯಾರ್ಥಿನಿ.

"ಕ್ಲಾಸಲ್ಲಿ ಅಮ್ಮ ಅಂದ್ರೆ ಹೊರಗೆ ನಿಲ್ಲಿಸ್ತೀನಿ ನೋಡು" ಎಂದು ಮಮತಾ ಸ್ಕೂಟಿ ಹತ್ತುತ್ತ ಹೇಳಿದಳು.

"ಆಯ್ತು ಮೇಡಂ. ಹೋಗಾಣ ಮೇಡಂ" ಎಂದು ಮೋನಿಕಾ ಹಿಂದೆ ಕೂತು ನಕ್ಕಳು.

ಮಗಳನ್ನು ಬಿಡಬೇಕಾಗಿದ್ದರಿಂದ ಮಮತಾ ಅವತ್ತು ಬೆಳಿಗ್ಗೆಯೇ ಕೇಂದ್ರಕ್ಕೆ ಬಂದಿದ್ದಳು. ಮಧ್ಯಾಹ್ನದವರೆಗೆ ಮಾಡಲು ಕೆಲಸವಿರಲಿಲ್ಲ. ಎಷ್ಟೋ ವರ್ಷವಾಯಿತು ಸರ್ ಪಾಠ ಕೇಳಿ ಎಂದುಕೊಂಡು, ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಹಿಂದಿನ ಸಾಲಿನ ಮೂಲೆಯ ಕುರ್ಚಿಯಲ್ಲಿ ಕೂತಳು. ಮೋನಿಕಾ ಮೂರನೆಯ ಸಾಲಿನಲ್ಲಿ ಹೊಸ ಗೆಳತಿಯರ ನಡುವೆ ಇದ್ದಳು.

ರಘುನಾಥ್ ಬಾಣಂತಿಯರ ಖಿನ್ನತೆಯ ಬಗ್ಗೆ ಹೇಳುತ್ತಿದ್ದರು. ಲಕ್ಷಣಗಳು ಮುಗಿದವು. ಪರದೆಯ ಮೇಲಿನ ಚಿತ್ರ ಆರಿಸಿ, ಮೇಜಿನ ಅಂಚಿಗೆ ಒರಗಿ ನಿಂತರು.

"ಪುಸ್ತಕ ಸಾಕು. ಒಬ್ಬ ತಾಯಿ ಕತೆ ಹೇಳ್ತೀನಿ. ಲಲಿತಾ ಅಂತ ಕರೆಯಾಣ ಅವಳನ್ನ. ಹಿರಿಯೂರಲ್ಲಿದ್ಲು. ಗಂಡ ಮೇಷ್ಟ್ರು. ಅವಳೂ ಸೈನ್ಸ್ ಡಿಗ್ರಿ ಮಾಡಿದೋಳು."

ಇಂಥವರು ಎಷ್ಟು ಜನ ಇಲ್ಲ ಎಂದುಕೊಂಡಳು ಮಮತಾ.

"ಐದು ತಿಂಗಳ ಹೆಣ್ಣು ಕೂಸು. ಕೂಸಿಗೆ ಬಾಲಗ್ರಹ ಅಂತ ಅತ್ತೆ ಬಲಪಾದದ ಮೇಲೆ ಬರೆ ಹಾಕಿಸಿದ್ರು. ಓದಿದ ತಾಯಿ ನಿಂತು ನೋಡಿದ್ಲು. ತಡೆಯಾಕೆ ಬಾಯಿ ಬರಲಿಲ್ಲ. ಅವತ್ತಿಂದ ಅವಳ ತಲೇಲಿ ಒಂದೇ ಮಾತು. ಈ ಕೂಸಿಗೆ ತಾಯಾಗಾಕೆ ನಾನು ಯೋಗ್ಯಳಲ್ಲ."

ಮಮತಾಳ ಕೈ ಕುರ್ಚಿಯ ಹಿಡಿಯನ್ನು ಹುಡುಕಿತು.

"ಒಂದು ಬೆಳಿಗ್ಗೆ ಗಂಡ ಸ್ಕೂಲಿಗೆ ಹೋದ ಮೇಲೆ ಕೂಸು ಎತ್ಕಂಡು ಮಾರಿಕಣಿವೆ ಬಸ್ ಹತ್ತಿದ್ಲು. ಅಣೆಕಟ್ಟಿನ ಹಿಂದೆ ನೀರಿನ ಅಂಚಿಗೆ ಹೋಗಿ ಕೂತ್ಲು." ರಘುನಾಥ್ ಮಾತು ನಿಲ್ಲಿಸಿ ಒಂದು ಗುಟುಕು ನೀರು ಕುಡಿದರು. ಆಮೇಲೆ ದನಿ ತಗ್ಗಿಸಿ, ತಡವರಿಸುತ್ತ, ಹೆಂಗಸಿನ ಬಾಯಲ್ಲಿ ಹೇಳಿದರು. "ಕೂಸು ನನ್ನ ಕೈಯಾಗೆ ಕಲ್ಲಿನಂಗೆ ಭಾರ ಆಗಿತ್ತು ಸರ್. ಇಬ್ರೂ ಮುಳುಗಿದ್ರೆ ಇಬ್ರೂ ಹಗುರ ಆಗ್ತೀವಿ ಅನ್ನಿಸ್ತು."

ಅದು ಅವಳದೇ ಮಾತು, ಒಂದಕ್ಷರವೂ ಆಚೀಚೆಯಾಗಿರಲಿಲ್ಲ. ತಡವರಿಕೆಯೂ ಅವಳದೇ. ಎಲ್ಲಿ ಉಸಿರು ಕಟ್ಟಿತ್ತೋ ಅಲ್ಲೇ ಅವರೂ ನಿಲ್ಲಿಸಿದ್ದರು. ಆ ನಿಲುಗಡೆಯಲ್ಲಿ ನೀರು ಕುಡಿಯುವುದೂ ಅಭ್ಯಾಸವಾಗಿದ್ದ ಹಾಗಿತ್ತು. ಎದುರಿಗೆ ಯಾರೋ ಮೂಗು ಎಳೆದುಕೊಂಡರು. ಯಾರೋ ಕರ್ಚೀಫು ತೆಗೆದರು.

"ಆಗ ಅವಳಿಗೆ ಏನು ನೆನಪಾಯ್ತು ಗೊತ್ತಾ? ದುರ್ಗದಲ್ಲಿ ನೋಡಿದ್ದ ನಮ್ಮ ಕ್ಲಿನಿಕ್ಕಿನ ಬೋರ್ಡು. ಮಾತು ಕೇಳೋರು ಒಬ್ಬರು ಅವರೆ ಅನ್ನೋದು ನೆನಪಾಗಿ ಎದ್ದು ಬಂದ್ಲು. ಅದಕ್ಕೇ ಹೇಳಾದು, ನಮ್ಮ ಕೆಲಸ ಸಣ್ಣದಲ್ಲ."

ಅದು ಸುಳ್ಳಾಗಿತ್ತು. ಆವತ್ತಿಗೆ ಅವಳು ಯಾವ ಬೋರ್ಡನ್ನೂ ನೋಡಿರಲಿಲ್ಲ.

ಆದರೆ ಮಮತಾ ಅದನ್ನು ಯೋಚಿಸುವ ಹೊತ್ತಿಗೆ ಅವಳ ಕಣ್ಣು ಮೂರನೆಯ ಸಾಲಿಗೆ ಹೋಗಿತ್ತು. ಮೋನಿಕಾಳ ಬಲಪಾದದ ಮೇಲೆ, ಬೆರಳುಗಳಿಗಿಂತ ಸ್ವಲ್ಪ ಹಿಂದೆ, ಬರೆಯ ಗುರುತಿತ್ತು. ಎಲ್ಲರೂ ಬರಿಗಾಲಲ್ಲಿ ಕೂತಿದ್ದರು. ಪಕ್ಕದ ಹುಡುಗಿ ಸುಮ್ಮನೆ ಎಂಬಂತೆ ಕೆಳಗೆ ನೋಡಿದಳು, ಮತ್ತೆ ತಲೆಯೆತ್ತಿ ಮೋನಿಕಾಳ ಮುಖ ನೋಡಿದಳು. ಮೋನಿಕಾ ಮೆಲ್ಲಗೆ ಪಾದವನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು. ಆಮೇಲೆ ಕತ್ತು ತಿರುಗಿಸಿ ಹಿಂದಿನ ಸಾಲಿನ ಮೂಲೆಗೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹೌದಾ ಎಂದು ಕೇಳುವ ನೋಟ. ಮಮತಾ ಕಣ್ಣು ತಗ್ಗಿಸಿದಳು. ಮಗಳಿಗೆ ಉತ್ತರ ಸಿಕ್ಕಿತು.

ಟೀ ವಿರಾಮಕ್ಕೆ ಬಿಟ್ಟಾಗ ಮೋನಿಕಾ ಬ್ಯಾಗು ತೆಗೆದುಕೊಂಡು ಹೋಗಿಬಿಟ್ಟಿದ್ದಳು. ಮಮತಾ ಮೆಟ್ಟಿಲ ಹತ್ತಿರ ನಿಂತಿದ್ದಳು. ಹೊಸದುರ್ಗದ ಹಿರಿಯ ನರ್ಸು ಚೌಡೇಶ್ವರಿ ಕಣ್ಣೊರೆಸಿಕೊಳ್ಳುತ್ತ ಲೋಟ ಹಿಡಿದು ಬಂದಳು.

"ನೀವು ಇವತ್ತೇ ಕೇಳಿದ್ದಾ ಮೇಡಂ? ನಾನು ಕೇಳ್ತಿರಾದು ಇದು ಮೂರನೇ ಸಲ. ದಾವಣಗೆರೆ ಟ್ರೈನಿಂಗಾಗೂ ಹೇಳಿದ್ರು, ತುಮಕೂರಾಗೂ ಹೇಳಿದ್ರು. ನಾವೆಲ್ಲ ಮಾರಿಕಣಿವೆ ಕೇಸು ಅಂತೀವಿ. ನಮ್ಮ ಕಿರಿಯರಿಗೂ ಅದನ್ನೇ ಹೇಳಿಕೊಡ್ತೀನಿ. ಎಷ್ಟು ಸಲ ಕೇಳಿದ್ರೂ ಕರುಳು ಕಿತ್ತು ಬರ್ತತೆ."

ಮಮತಾ "ಹೌದಾ" ಎಂದಳು. ತಾನು ಬಚ್ಚಿಟ್ಟುಕೊಂಡು ಬದುಕಿದ ಒಂದು ಬೆಳಿಗ್ಗೆ ಮೂರು ಜಿಲ್ಲೆಯ ತರಬೇತಿ ಕೋಣೆಗಳಲ್ಲಿ ಓಡಾಡಿಕೊಂಡಿತ್ತು. ಮಾರಿಕಣಿವೆ ಕೋಡಿ ಬಿದ್ದ ವರ್ಷ ದುರ್ಗದ ಜನವೆಲ್ಲ ನೋಡಲು ಹೋದಾಗಲೂ ಅವಳು ತಲೆನೋವೆಂದು ಮನೆಯಲ್ಲುಳಿದಿದ್ದಳು. ಅಷ್ಟು ಜೋಪಾನ ಮಾಡಿದ್ದಳು.

ರಘುನಾಥ್ ತಮ್ಮ ಕೋಣೆಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದರು. ಅವಳು ಬಾಗಿಲು ಮುಂದೆ ಮಾಡಿ ನಿಂತಳು.

"ಸರ್, ಮೋನಿಕಾ ಕೂತಿದ್ಲು."

"ಯಾರು?" ಎಂದರು. ಮುಖದ ಮೇಲೆ ನಿಧಾನವಾಗಿ ತಿಳಿವು ಮೂಡಿತು. "ಅಯ್ಯೋ. ಈ ಬ್ಯಾಚಲ್ಲಿ ಇದ್ಲಾ?"

"ನನ್ನ ಮಾತು ಹೊಸಿಲು ದಾಟಲ್ಲ ಅಂದಿದ್ರಿ."

"ಹೆಸರು ಬದಲಿಸಿದೀನಲ್ಲ ಮಮತಾ."

"ಹೆಸರೊಂದು ಬಿಟ್ಟು ಎಲ್ಲಾ ನಂದೇ ಐತೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಜ ಹೇಳ್ಲಾ? ಮೊದಮೊದಲು ಹೇಳುವಾಗ ನಿನ್ನ ಮುಖ ಕಣ್ಣ ಮುಂದೆ ಬರ್ತಿತ್ತು. ಹೇಳ್ತಾ ಹೇಳ್ತಾ ಅದು ನಿಂದು ಅನ್ನೋದೇ ಮರ್ತುಹೋಯ್ತು. ನನ್ನ ಪಾಲಿಗೆ ಅದೊಂದು ಪಾಠ ಆಗಿತ್ತು, ಅಷ್ಟೇ."

ಬೈದಿದ್ದರೆ ಸಹಿಸಬಹುದಿತ್ತು. ಆ ಮರೆತುಹೋಯ್ತು ಎನ್ನುವ ಮಾತು ಅವಳ ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿತು.

"ಈ ಕತೆ ಕೇಳಿದ ನರ್ಸುಗಳು ಎಷ್ಟು ಬಾಣಂತೇರನ್ನ ಗುರ್ತಿಸಿ ಉಳಿಸಿದಾರೆ ಗೊತ್ತಾ ನಿನಗೆ?" ಎಂದರು.

"ಉಳಿಸಿರಬಹುದು ಸರ್. ನೀವು ಕೇಳಿದ್ರೆ ನಾನೇ ಕೊಡ್ತಿದ್ದೆನೋ ಏನೋ. ನೀವು ಕೇಳಲಿಲ್ಲ. ಅದೂ ಅಲ್ದೆ, ನಿಮ್ಮ ಬೋರ್ಡು ಎಲ್ಲಿಂದ ಬಂತು ಅದ್ರಲ್ಲಿ?"

ಅವರು ಕನ್ನಡಕ ಹಾಕಿಕೊಂಡು ಪಾಠದ ಹಾಳೆಗಳನ್ನು ಎತ್ತಿಕೊಂಡರು.

ಮಧ್ಯಾಹ್ನ ತನ್ನ ಅವಧಿಗೆ ಮಮತಾ ಹೋದಳು. ಹೋಗದೆ ಇರಬಹುದಿತ್ತು, ಆದರೆ ಕಾಲು ಅತ್ತಲೇ ನಡೆಯಿತು. ಪಾಠದ ಹಾಳೆಗಳನ್ನು ಬಿಚ್ಚಲಿಲ್ಲ.

"ಬೆಳಿಗ್ಗೆ ಒಬ್ಬ ಹೆಂಗಸಿನ ಕತೆ ಕೇಳಿದ್ರಿ. ಆ ಹೆಂಗಸು ಅದನ್ನ ಹೇಳಾಕೆ ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ. ಇನ್ಮುಂದೆ ನೀವ್ಯಾರೂ ಅದನ್ನ ಎಲ್ಲೂ ಹೇಳಬ್ಯಾಡ್ರಿ. ಅಷ್ಟೇ ನನ್ನ ಪಾಠ."

ಮುಂದಿನ ಸಾಲಿನ ಹುಡುಗನೊಬ್ಬ ಸರಳವಾಗಿ ಕೇಳಿದ. "ಒಪ್ಪಿಗೆ ಕೊಟ್ಟಿಲ್ಲ ಅಂತ ನಿಮಗೆ ಹೆಂಗೆ ಗೊತ್ತು ಮೇಡಂ?"

ಅವಳು ಬಾಯಿ ತೆರೆದಳು. ಉತ್ತರ ಹೊರಡಲಿಲ್ಲ. ಆ ಮೌನದಲ್ಲಿ ಎದುರಿಗಿದ್ದ ಮುಖಗಳು ಒಂದೊಂದಾಗಿ ಬದಲಾಗುವುದನ್ನು ಅವಳು ನೋಡಿದಳು. ಮನಸ್ಸು ಓದುವುದೇ ಕಸುಬಾಗಿದ್ದ ಜನ. ಚೌಡೇಶ್ವರಿ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಬಾಗಿಲಲ್ಲಿ ರಘುನಾಥ್ ಬಂದು ನಿಂತಿದ್ದರು. "ಮೇಡಂಗೆ ಇವತ್ತು ಹುಷಾರಿಲ್ಲ. ಎಲ್ಲಾ ಸ್ವಲ್ಪ ಹೊರಗೆ ಓಡಾಡಿ ಬರ್ರಿ" ಎಂದರು. ದನಿ ಮೃದುವಾಗಿತ್ತು. ರೋಗಿಗಳ ಹತ್ತಿರ ಮಾತಾಡುವ ದನಿ.

ಸಂಜೆ ಕೇಂದ್ರದ ಮುಖ್ಯಸ್ಥ ಮುರುಗಪ್ಪ ಅವಳನ್ನು ಕರೆಸಿದರು. ಕುಂತ್ಕಳ್ರಿ ಎಂದು ಕುರ್ಚಿ ತೋರಿಸಿ, ತಾವೇ ಎದ್ದು ಫ್ಯಾನು ಹಾಕಿದರು.

"ರಘುನಾಥ್ ಸರ್ ಎಲ್ಲಾ ಹೇಳಿದ್ರು ಮೇಡಂ. ನಿಮಗೆ ಹಿಂದೆ ಆ ತೊಂದ್ರೆ ಇತ್ತಂತಲ್ಲ, ಮಗು ಎತ್ಕಂಡು ನೀರಿನತ್ರ ಹೋಗಿದ್ರಂತಲ್ಲ. ಅದು ಮತ್ತೆ ತಲೆ ಎತ್ತಬಹುದು ಅಂದ್ರು. ನಿಮ್ಮ ಮೇಲಿನ ಕಾಳಜಿಗೆ ಹೇಳಿದ್ದು. ಸ್ವಲ್ಪ ದಿನ ರೆಸ್ಟ್ ತಗಳ್ರಿ. ಕ್ಲಾಸು ನಾವು ಹೆಂಗೋ ನೋಡ್ಕಂತೀವಿ."

ಈ ಸಲ ರಘುನಾಥ್ ಹೆಸರನ್ನೂ ಬದಲಿಸಿರಲಿಲ್ಲ.

ಮನೆಗೆ ಬಂದಾಗ ಪ್ರಭು ಬಾಗಿಲಲ್ಲೇ ಇದ್ದ. "ಮೋನಿಕಾ ಹೊಸದುರ್ಗದ ಬಸ್ ಹತ್ತಿದಾಳಂತೆ, ಅಜ್ಜಿ ಮನೆಗೆ. ಏನಾಯ್ತು?" ಎಂದ. ಅವಳು ಹೇಳಿದಳು. ಅವನು ಕೇಳಿಸಿಕೊಂಡು ಗೋಡೆಗೆ ಒರಗಿ ಕೂತ. ಮಾರಿಕಣಿವೆಯಿಂದ ಅವಳನ್ನು ಅವತ್ತು ಮನೆಗೆ ಕರೆತಂದವನು ಅವನೇ. ಅಲ್ಲಿಂದೀಚೆಗೆ ಆ ಊರಿನ ಹೆಸರನ್ನೂ ಅವಳೆದುರು ಎತ್ತಿದವನಲ್ಲ. ಯಾವ ಕಾಲೇಜೂ ಅವನಿಗೆ ಗೌಪ್ಯತೆಯ ಪಾಠ ಹೇಳಿರಲಿಲ್ಲ.

"ಬೆಳಿಗ್ಗೆ ಎದ್ದ ತಕ್ಷಣ ಹೋಗು" ಎಂದ. "ನಾನು ಬಂದ್ರೆ ಅವಳು ಮಾತಾಡಲ್ಲ."

ಮರುದಿನ ಮಮತಾ ತವರಿಗೆ ತಲುಪಿದಾಗ ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುತ್ತಿದ್ದವು. ಕುರಿಗಳು ಆಗಲೇ ಮೇಯಲು ಹೋಗಿದ್ದವು. ಏಕನಾಥಮ್ಮ ಖಾಲಿಯಾದ ಕುರಿರೊಪ್ಪ ಗುಡಿಸುತ್ತಿದ್ದಳು.

"ಏನೇ ಇದು, ನಿನ್ನ ಮಗಳು ಬಂದಾಗಿಂದ ಮಾತಿಲ್ಲ, ಉಣ್ಣಾಂಗಿಲ್ಲ. ಯಾರೇನಂದ್ರೇ ಅವಳ್ನ?" ಎಂದು ಪೊರಕೆ ಬಿಟ್ಟು ಬಂದಳು. "ಹಿತ್ಲಾಗೆ ಕುಂತೈತೆ ನೋಡು."

ಮೋನಿಕಾ ಹಿತ್ತಲ ಹುಣಸೆಮರದ ಕೆಳಗೆ ಕಲ್ಲಿನ ಮೇಲೆ ಕೂತಿದ್ದಳು. ಅಮ್ಮನನ್ನು ನೋಡಿ ಏಳಲಿಲ್ಲ. ಮಮತಾ ನೆಲದ ಮೇಲೆ ಕೂತಳು.

"ನಿಜನಾ?" ಎಂದಳು ಮಗಳು.

"ನಿಜ."

"ನನ್ನ ಬಿಸಾಕಾಕೆ ಹೋಗಿದ್ದಾ?"

"ಅಲ್ಲ. ನಿನ್ನ ಕರ್ಕಂಡು ನಾನೂ ಹೋಗಾಕೆ."

ಮೋನಿಕಾ ತಲೆಯಾಡಿಸಿದಳು. "ನೀನು ಅಲ್ಲಿಗೆ ಹೋಗಿದ್ದಕ್ಕೆ ನಂಗೆ ಸಿಟ್ಟಿಲ್ಲಮ್ಮ. ಅದು ಕಾಯಿಲೆ, ನಾನೂ ಓದಿದೀನಿ. ಆದ್ರೆ ಹಾಲ್ ತುಂಬಾ ಜನ ನನ್ನ ಜೊತೆಗೇ ಕೂತು ನನ್ನ ಬಗ್ಗೆ ತಿಳ್ಕಂಡ್ರು. ಆ ಹುಡುಗಿ ನನ್ನ ಕಾಲು ನೋಡಿದ್ಲು. ನೀನು ಆ ಮನುಷ್ಯನಿಗೆ ಹೇಳ್ದೆ. ನನಗೆ ಹೇಳ್ಲಿಲ್ಲ. ಇಪ್ಪತ್ಮೂರು ವರ್ಷ ನನಗೆ ಹೇಳ್ಲಿಲ್ಲ."

ಮಮತಾಗೆ ಆಗ ಅರ್ಥವಾಯಿತು. ನಿನ್ನೆಯಿಂದ ಮೋಸ ಹೋದವಳು ತಾನೊಬ್ಬಳೇ ಎಂದುಕೊಂಡಿದ್ದಳು. ಮಗಳ ಲೆಕ್ಕದಲ್ಲಿ ಮೋಸ ಮಾಡಿದವರ ಸಾಲಿನಲ್ಲಿ ಅವಳೂ ನಿಂತಿದ್ದಳು.

"ಹೇಳಿದ್ರೆ ನೀನು ನನ್ನ ಹತ್ರ ಮಲಗಲ್ಲ ಅನ್ನೋ ಭಯ ಇತ್ತು, ಸಣ್ಣೋಳಿದ್ದಾಗ. ಆಮೇಲೆ ನೀನು ದೊಡ್ಡೋಳಾದೆ, ಭಯ ಮಾತ್ರ ಅಲ್ಲೇ ಉಳೀತು" ಎಂದಳು. "ಈಗ ಹೇಳ್ಲಾ? ಸರ್ ಹೇಳಿದ್ದರಲ್ಲಿ ಸುಳ್ಳೂ ಸೇರಿತ್ತು."

ಮೋನಿಕಾ ಬೇಡವೆನ್ನಲಿಲ್ಲ.

ಮಮತಾ ಹೇಳಿದಳು. ಬೋರ್ಡಿನ ನೆನಪಿನಿಂದ ಎದ್ದು ಬಂದವಳಲ್ಲ ಅವಳು. ಅಣೆಕಟ್ಟಿನ ಹತ್ತಿರ ಹುರಿದ ಮೀನು ಮಾರುವ ರಂಗಕ್ಕ ಎಂಬವಳೊಬ್ಬಳಿದ್ದಳು. ಎಷ್ಟು ಹೊತ್ತಿನಿಂದ ಇವಳನ್ನು ನೋಡುತ್ತಿದ್ದಳೋ. ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಕೊಡವ್ವ ಇತ್ಲಾಗೆ, ಯಾವಾಗಿಂದ ಎತ್ಕಂಡು ಕುಂತಿದೀಯ, ತೋಳು ನೋಯಾಕಿಲ್ವಾ" ಎಂದು ಕೂಸನ್ನು ತೆಗೆದುಕೊಂಡಳು. ಕಸಿದುಕೊಳ್ಳಲಿಲ್ಲ, ಬುದ್ಧಿ ಹೇಳಲಿಲ್ಲ. ಕೂಸು ಅವಳ ಮೀನಿನ ವಾಸನೆಯ ಸೀರೆ ಹಿಡಿದು ನಕ್ಕಿತು. ಇವಳ ತೋಳು ನಿಜವಾಗಿಯೂ ನೋಯುತ್ತಿತ್ತು. ನೋವು ತಿಳಿದ ಕೂಡಲೇ ಅಳು ಬಂತು. ಪ್ರಭುವಿನ ಸ್ಕೂಲಿಗೆ ಫೋನು ಮಾಡಿಸಿದವಳೂ ರಂಗಕ್ಕನೇ.

"ನಾನು ನಕ್ಕಿದ್ನಾ?" ಎಂದಳು ಮೋನಿಕಾ.

"ನಕ್ಕಿದ್ದೆ. ಅದನ್ನ ನಾನು ಸರ್‌ಗೂ ಹೇಳಿರಲಿಲ್ಲ."

ಮಗಳು ಅಳತೊಡಗಿದಳು. ಮಮತಾ ಮುಟ್ಟಲು ಕೈ ಚಾಚಿದಾಗ "ಈಗ ಬ್ಯಾಡ" ಎಂದಳು. ಮಮತಾ ಕೈ ಹಿಂತೆಗೆದುಕೊಂಡು ಅಲ್ಲೇ ಕೂತಿದ್ದಳು. ಏಕನಾಥಮ್ಮ ಮುದ್ದೆಗೆ ಕರೆಯುವವರೆಗೂ ಇಬ್ಬರೂ ಹಾಗೇ ಇದ್ದರು.

ಆಮೇಲೆ ಮಮತಾ ಕೇಂದ್ರಕ್ಕೆ ದೂರು ಕೊಟ್ಟಳು. ಮುರುಗಪ್ಪ ಮೂವರನ್ನು ಕೂರಿಸಿ ವಿಚಾರಣೆ ಮಾಡಿಸಿದರು. ಮೂವರೂ ರಘುನಾಥರ ಹಳೆಯ ವಿದ್ಯಾರ್ಥಿಗಳು. ರೋಗಿಯ ಹೆಸರನ್ನು ಮರೆಮಾಚಿದ್ದರಿಂದ ಬೋಧಕರ ತಪ್ಪಿಲ್ಲ ಎಂದು ತೀರ್ಮಾನವಾಯಿತು. ಅವಳ ಮಧ್ಯಾಹ್ನದ ಅವಧಿಗೆ ಬೇರೆಯವರು ಬಂದರು. ಚೌಡೇಶ್ವರಿ ಒಮ್ಮೆ ಫೋನು ಮಾಡಿ, "ನಾನು ಅದನ್ನ ಹೇಳಾದು ಬಿಟ್ಟಿದೀನಿ ಮೇಡಂ, ತಪ್ಪಾಯ್ತು" ಎಂದು ಅತ್ತಳು. ಬೇರೆ ಕೆಲವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಈಗ ಬಹಳ ಮೆತ್ತಗೆ, ಬಹಳ ನಿಧಾನವಾಗಿ ಮಾತಾಡಿಸುತ್ತಾರೆ. ಅದು ಅವಳೇ ಅವರಿಗೆ ಕಲಿಸಿದ ದನಿ.

ತನ್ನ ನೋವನ್ನು ಯಾರ ಮುಂದಾದರೂ ಕೂತು ಹೇಳಿಕೊಳ್ಳಬೇಕು ಎಂದು ಅವಳಿಗೆ ಅನ್ನಿಸಿದ್ದುಂಟು. ಯಾರ ಬಳಿ ಹೋಗುವುದು? ಸುತ್ತಲಿನ ಸಮಾಲೋಚಕರೆಲ್ಲ ರಘುನಾಥರ ಶಿಷ್ಯರು, ಇಲ್ಲವೇ ಇವಳ ಶಿಷ್ಯರು. ಕೊನೆಗೆ ಪ್ರಭುವಿಗೇ ಹೇಳುತ್ತಾಳೆ. ಅವನು ಹೂಂ ಎನ್ನುತ್ತಾನೆ.

ಮೋನಿಕಾ ಸಿರಿಗೆರೆಯ ಹತ್ತಿರ ಬೇರೆ ಕೆಲಸ ಹಿಡಿದು ಅಲ್ಲೇ ರೂಮು ಮಾಡಿದಳು. ಅಪ್ಪನಿಗೆ ದಿನಾ ಫೋನು, ಅಮ್ಮನಿಗೆ ಭಾನುವಾರ. ಈಚೆಗೆ ನಡುವೆ ಬುಧವಾರವೂ ಒಂದೆರಡು ಸಲ ಮಾಡಿದ್ದಾಳೆ.

ತಮ್ಮ ನಿವೃತ್ತಿಯ ಸನ್ಮಾನ ಮುಗಿದ ಕೆಲವು ದಿನಕ್ಕೆ ರಘುನಾಥ್ ಮನೆಗೆ ಬಂದರು. ಕೈಯಲ್ಲಿ ಮೂಸಂಬಿಯ ಚೀಲ. ಸೊರಗಿದ್ದರು. ಮಮತಾ ಒಳಗೆ ಕರೆದು ಕಾಫಿ ಕೊಟ್ಟಳು. ತಾನು ಮಾತ್ರ ಕೂರಲಿಲ್ಲ.

"ನಿನ್ನ ಮನಸ್ಸು ನೋಯಿಸಿದೆ ಮಮತಾ" ಎಂದರು. "ವಯಸ್ಸಾಯ್ತು. ಇದೊಂದು ಮನಸ್ಸಲ್ಲಿ ಇಟ್ಕಂಡು ಹೋಗಾಕೆ ಇಷ್ಟ ಇಲ್ಲ."

ಎಷ್ಟೆಂದರೂ ತನ್ನನ್ನು ಎತ್ತಿ ನಿಲ್ಲಿಸಿದ ಮನುಷ್ಯ.

"ಈಗ ಕ್ಲಾಸು ಇಲ್ವಲ್ಲ ಸರ್ ನಿಮಗೆ?"

"ಅತಿಥಿಯಾಗಿ ಕರೀತಾರೆ. ತಿಂಗಳಿಗೆ ಒಂದೆರಡು ಸಲ ಹೋಗ್ತೀನಿ."

"ಆ ಕತೆ ಹೇಳಾದು ನಿಲ್ಲಿಸಿದ್ರಾ?"

ಅವರು ಕಾಫಿಯ ಲೋಟವನ್ನು ಕೈಯಲ್ಲೇ ತಿರುಗಿಸಿದರು. ಆಮೇಲೆ, ಒಂದು ಒಳ್ಳೆಯ ಸುದ್ದಿ ಹೇಳುವವರ ಹಾಗೆ ತಲೆಯೆತ್ತಿದರು.

"ಈಗ ಮಾರಿಕಣಿವೆ ಅನ್ನಲ್ಲ ಮಮತಾ. ಬೇರೆ ಕೆರೆ ಹೆಸರು ಹೇಳ್ತೀನಿ."

ಮಮತಾ ಅವರನ್ನು ನೋಡುತ್ತ ನಿಂತಳು. ಬೈಯಬೇಕೆನಿಸಲಿಲ್ಲ, ಅಳಬೇಕೆನಿಸಲಿಲ್ಲ. ಇವರಿಗೆ ಇದು ಎಂದೂ ತಿಳಿಯುವುದಿಲ್ಲ ಎಂದಷ್ಟೇ ತಿಳಿಯಿತು. ಅವರು ಕುಡಿದು ಮುಗಿಸುವವರೆಗೆ ಕಾದಳು. ಲೋಟ ತೆಗೆದುಕೊಂಡಳು. "ಹೋಗಿ ಬರ್ರಿ ಸರ್" ಎಂದು ಬಾಗಿಲವರೆಗೆ ಬಂದು, ಹಣ್ಣಿನ ಚೀಲವನ್ನು ಅವರ ಕೈಗೇ ವಾಪಸು ಕೊಟ್ಟು, ಒಳಗಿನಿಂದ ಅಗುಳಿ ಹಾಕಿಕೊಂಡಳು.